ಯಾರೂ ಒಯ್ಯದ ವಾಕಿಟಾಕಿ: ಪೊಲೀಸರಿಗೆ ಪೊಲೀಸರ ಜೊತೆ ಮಾತಾಡುವುದು ಯಾಕಿಷ್ಟು ಕಷ್ಟ?

ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರು. 2024ರ ಜುಲೈ 13, ಶನಿವಾರ. ಡೊನಾಲ್ಡ್ ಟ್ರಂಪ್ ಅವರ ಚುನಾವಣಾ ಸಭೆ. ಬಂದೋಬಸ್ತಿಗೆ ಗಣ್ಯರನ್ನು ಕಾಯುವ ಕೇಂದ್ರದ ಸೀಕ್ರೆಟ್ ಸರ್ವಿಸ್ ಇತ್ತು, ರಾಜ್ಯ ಪೊಲೀಸರಿದ್ದರು, ಬಟ್ಲರ್ ಮತ್ತು ಅಕ್ಕಪಕ್ಕದ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ವಿಶೇಷ ಪಡೆಗಳಿದ್ದವು. ಸ್ಥಳೀಯ ಪಡೆಯವರು ತಮ್ಮ ಕೆಲವು ವಾಕಿಟಾಕಿಗಳನ್ನು ಸೀಕ್ರೆಟ್ ಸರ್ವಿಸ್‌ನವರಿಗೆಂದೇ ತೆಗೆದಿಟ್ಟಿದ್ದರು. ನಾಳೆ ಬಂದು ತೆಗೆದುಕೊಂಡು ಹೋಗಿ ಅಂತ ಹಿಂದಿನ ದಿನವೇ ಹೇಳಿದ್ದರು. ಯಾರೂ ಬಂದು ಒಯ್ಯಲಿಲ್ಲ.

ಸಂಜೆ 6 ದಾಟಿತ್ತು. ಹತ್ತಿರದ ಕಟ್ಟಡದ ಚಾವಣಿ ಮೇಲೆ ಯಾರೋ ಇದ್ದಾನೆ ಅಂತ ಸ್ಥಳೀಯ ಪೊಲೀಸರ ವೈರ್‌ಲೆಸ್‌ನಲ್ಲಿ ಮಾತು ಓಡಾಡುತ್ತಿತ್ತು. ಒಬ್ಬ ಪೊಲೀಸ್ ಅಧಿಕಾರಿ ಜೊತೆಯವರ ಕೈ ಮೇಲೆ ಕಾಲಿಟ್ಟು ಚಾವಣಿಯ ಅಂಚಿಗೆ ತಲೆ ಎತ್ತಿದರು. ಬಂದೂಕು ತಮ್ಮ ಕಡೆಗೇ ತಿರುಗಿದ್ದು ಕಂಡು ಕೆಳಗೆ ಬಿದ್ದರು. ಬಿದ್ದವರೇ ರೇಡಿಯೋದಲ್ಲಿ ಕೂಗಿದರು, ಅವನ ಹತ್ತಿರ ಬಂದೂಕಿದೆ ಅಂತ. ಸುಮಾರು ಅರ್ಧ ನಿಮಿಷ ಕಳೆದಿರಬೇಕು. 6:11ಕ್ಕೆ 8 ಗುಂಡು ಹಾರಿದವು. ಸಭೆಗೆ ಬಂದಿದ್ದ ಒಬ್ಬರು ಸತ್ತರು. ಇನ್ನಿಬ್ಬರಿಗೆ ತೀವ್ರ ಗಾಯವಾಯಿತು. ಟ್ರಂಪ್ ಕಿವಿಗೆ ಪೆಟ್ಟಾಯಿತು.

ಆ ಕೂಗು ವೇದಿಕೆ ಸುತ್ತ ನಿಂತಿದ್ದ ಸೀಕ್ರೆಟ್ ಸರ್ವಿಸ್‌ನವರ ಕಿವಿಗೆ ಬೀಳಲೇ ಇಲ್ಲ. ಅವರ ರೇಡಿಯೋ ಬೇರೆ, ಇವರ ರೇಡಿಯೋ ಬೇರೆ. ಕಂಟ್ರೋಲ್ ರೂಂ ಕೂಡ ಎರಡು, ಅವೂ ಬೇರೆ ಬೇರೆ ಜಾಗದಲ್ಲಿ. ಎರಡರ ನಡುವೆ ಸುದ್ದಿ ಹೋಗುತ್ತಿದ್ದದ್ದು ಮೊಬೈಲ್ ಕರೆಯಲ್ಲಿ, ಮೆಸೇಜಿನಲ್ಲಿ.

ಸೆನೆಟ್ ಸಮಿತಿಯ ತನಿಖೆಯಲ್ಲಿ ಇದೆಲ್ಲ ಹೊರಗೆ ಬಂದಾಗ ಜನ ಚಾವಣಿ ಬಗ್ಗೆ ಮಾತಾಡಿದರು, ಕಾವಲಿಲ್ಲದ ಕಟ್ಟಡದ ಬಗ್ಗೆ ಮಾತಾಡಿದರು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ ವಾಕಿಟಾಕಿಗಳು. ಯಂತ್ರ ಇತ್ತು. ತೆಗೆದಿಟ್ಟವರಿದ್ದರು. ಹೇಳಿಯೂ ಆಗಿತ್ತು. ನಡೆದು ಹೋಗಿ ಎತ್ತಿಕೊಂಡು ಬರುವುದಷ್ಟೇ ಬಾಕಿ ಇತ್ತು. ಅಮೆರಿಕದಲ್ಲಿ ಪೊಲೀಸ್ ಇಲಾಖೆಗಳು ಒಂದಕ್ಕೊಂದು ಮಾತಾಡಲಾಗದೆ ಜನ ಸತ್ತ ಘಟನೆಗಳನ್ನು ಹಿಂದಿನಿಂದ ನೋಡುತ್ತಾ ಬಂದರೆ ಇದೇ ಕಥೆ ಮತ್ತೆ ಮತ್ತೆ ಎದುರಾಗುತ್ತದೆ. ಫ್ರೀಕ್ವೆನ್ಸಿ ಇರುತ್ತದೆ. ರೇಡಿಯೋನೂ ಇರುತ್ತದೆ. ಅದನ್ನು ಬಳಸುವ ರೂಢಿ ಇರುವುದಿಲ್ಲ.

ಒಂದು ರಸ್ತೆ, ಮೂರು ಸಮವಸ್ತ್ರ

ನಾನಿರುವುದು ಶಿಕಾಗೋ ಪಕ್ಕದ ಒಂದು ಸಣ್ಣ ಊರಿನಲ್ಲಿ. ಜುಲೈ 4ರ ಮೆರವಣಿಗೆಗೆ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಒಂದು ವರ್ಷ ನಾವು ನಿಂತಿದ್ದ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಮೂರು ಥರದ ಸಮವಸ್ತ್ರ ಕಂಡವು. ಊರಿನ ಪೊಲೀಸರದು ಕಡುನೀಲಿ. ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್ ಕಡೆಯವರದು ಕಂದು. ಅಗಲ ಟೊಪ್ಪಿಗೆಯವರು ರಾಜ್ಯ ಪೊಲೀಸರು. ಕಂದು ಸಮವಸ್ತ್ರದವರ ಪಕ್ಕ ಮೂರೋ ನಾಲ್ಕೋ ವರ್ಷದ ಮಗು ಅಳುತ್ತಾ ನಿಂತಿತ್ತು, ತಂದೆ ತಾಯಿ ಕೈತಪ್ಪಿ ಹೋಗಿದ್ದರು. ಆ ತಾಯಿ ರಸ್ತೆಯ ಆಚೆ ಊರಿನ ಪೊಲೀಸರ ಮುಂದೆ ನಿಂತು ಗಾಬರಿಯಿಂದ ಏನೋ ಹೇಳುತ್ತಿದ್ದರು. ಇಬ್ಬರು ಪೊಲೀಸರೂ ಭುಜದ ಮೈಕಿನಲ್ಲಿ ತಮ್ಮ ತಮ್ಮ ಕಂಟ್ರೋಲ್ ರೂಂ ಜೊತೆ ಮಾತಾಡುತ್ತಿದ್ದರು. ನಡುವೆ ಇದ್ದದ್ದು ನೂರು ಹೆಜ್ಜೆ, ಒಂದು ಬ್ಯಾಂಡ್‌ಸೆಟ್ ಮತ್ತು ಜನ. ಹತ್ತು ನಿಮಿಷ ಕಾದು ಕಂದು ಸಮವಸ್ತ್ರದವರು ಕೊನೆಗೆ ಮಗುವನ್ನು ಎತ್ತಿಕೊಂಡು ರಸ್ತೆ ದಾಟಿದರು.

ಅವತ್ತು ಮಗು ಸಿಕ್ಕಿತು, ಸರಿ. ಆದರೆ ಇದೇ ಶಿಕಾಗೋ ಸುತ್ತಮುತ್ತಲಿನ ಹೈಲ್ಯಾಂಡ್ ಪಾರ್ಕ್‌ನಲ್ಲಿ 2022ರ ಜುಲೈ 4ರ ಮೆರವಣಿಗೆ ಮೇಲೆ ಒಬ್ಬ ಗುಂಡು ಹಾರಿಸಿ 7 ಜನರನ್ನು ಕೊಂದ. ಅವನು ಕಾರು ಹತ್ತಿ ಪಕ್ಕದ ವಿಸ್ಕಾನ್ಸಿನ್ ರಾಜ್ಯಕ್ಕೂ ಹೋಗಿ ವಾಪಸ್ ಬಂದ. ಸಂಜೆ ಅವನ ಕಾರನ್ನು ಗುರುತಿಸಿದ್ದು ನಾರ್ತ್ ಶಿಕಾಗೋ ಪೊಲೀಸರು, ಅವನು ಸಿಕ್ಕಿಬಿದ್ದದ್ದು ಲೇಕ್ ಫಾರೆಸ್ಟ್‌ನಲ್ಲಿ. ಮೂರೂ ಊರು ಒಂದರ ಪಕ್ಕ ಒಂದು ಅನ್ನುವಷ್ಟು ಹತ್ತಿರ. ಮೂರಕ್ಕೂ ಬೇರೆ ಬೇರೆ ಪೊಲೀಸ್ ಇಲಾಖೆ.

ನಮ್ಮ ಕಡೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ. ಬೀದರಿನಿಂದ ಚಾಮರಾಜನಗರದವರೆಗೆ ಕರ್ನಾಟಕ ಪೊಲೀಸ್ ಅಂದರೆ ಒಂದೇ ಇಲಾಖೆ. ವೈರ್‌ಲೆಸ್ ವಿಭಾಗವೂ ಅದರದೇ. ಬೇರೆ ಬೇರೆ ರಾಜ್ಯಗಳ ಪೊಲೀಸ್ ವೈರ್‌ಲೆಸ್ ನಡುವೆ ಹೊಂದಾಣಿಕೆ ನೋಡಿಕೊಳ್ಳಲು ಕೇಂದ್ರ ಗೃಹ ಇಲಾಖೆಯ ಕೆಳಗೆ ಒಂದು ನಿರ್ದೇಶನಾಲಯವೇ ಇದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸುಮಾರು 18 ಸಾವಿರ ಪೊಲೀಸ್ ಸಂಸ್ಥೆಗಳಿವೆ. ಊರಿಗೊಂದು, ಕೌಂಟಿಗೊಂದು, ರಾಜ್ಯಕ್ಕೊಂದು. ವಿಶ್ವವಿದ್ಯಾಲಯಕ್ಕೆ ಬೇರೆ, ಕೆಲವು ಕಡೆ ಶಾಲೆಗಳಿಗೇ ಬೇರೆ. ಇವುಗಳ ಮೇಲೆ ಎಫ್‌ಬಿಐ, ಗಡಿ ಕಾವಲು ಪಡೆ, ಸೀಕ್ರೆಟ್ ಸರ್ವಿಸ್‌ನಂಥ ಕೇಂದ್ರ ಸಂಸ್ಥೆಗಳು. ಹತ್ತೇ ಹತ್ತು ಪೊಲೀಸರಿರುವ ಇಲಾಖೆಯೂ ತನ್ನ ರೇಡಿಯೋ ತಾನೇ ಕೊಳ್ಳುತ್ತದೆ. ಕೈಯಲ್ಲಿ ದುಡ್ಡಿದ್ದಾಗ, ಆಗ ಮಾರುಕಟ್ಟೆಯಲ್ಲಿ ಸಿಗುವುದನ್ನು.

ಗುಂಡಿ ತಿರುಗಿಸಿದರೆ ಸಿಗುವುದಿಲ್ಲ

ಫ್ರೀಕ್ವೆನ್ಸಿ ಬೇರೆಯಾದರೆ ಏನಂತೆ, ತಿರುಗಿಸಿಕೊಂಡರೆ ಆಯ್ತಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ನಮ್ಮ ಮನೆಯ ಹಳೇ ಮರ್ಫಿ ರೇಡಿಯೋದಲ್ಲಿ ಧಾರವಾಡ ಬಿಟ್ಟು ಭದ್ರಾವತಿ ಹಿಡಿಯುತ್ತಿದ್ದ ಹಾಗೆ.

ಪೊಲೀಸ್ ವಾಕಿಟಾಕಿ ಹಾಗೆ ಕೆಲಸ ಮಾಡುವುದಿಲ್ಲ. ಅದರ ತಲೆ ಮೇಲೆ ಆಂಟೆನಾ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ 16 ಸ್ಥಾನ. ತಿರುಗಿಸಿದರೆ ಕಟ್, ಕಟ್ ಅಂತ ಒಂದೊಂದೇ ಚಾನೆಲ್. ಇಂಥ 16 ಚಾನೆಲ್‌ಗಳ ಒಂದು ಗುಂಪಿಗೆ ಝೋನ್ ಅನ್ನುತ್ತಾರೆ. ಝೋನ್ ಬದಲಿಸಲು ಬೇರೆ ಸ್ವಿಚ್ಚು ಅಥವಾ ಮುಂದಿನ ಬಟನ್‌ಗಳು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಒಂದು ಬಟನ್, ಅದು ಪ್ರಾಣಾಪಾಯದ ಕರೆಗೆ. ಯಾವ ಸ್ಥಾನದಲ್ಲಿ ಯಾವ ಫ್ರೀಕ್ವೆನ್ಸಿ ಅನ್ನುವುದನ್ನು ತಂತ್ರಜ್ಞರು ಮೊದಲೇ ಕಂಪ್ಯೂಟರಿಗೆ ಜೋಡಿಸಿ ತುಂಬಿರುತ್ತಾರೆ. ತುಂಬಿಲ್ಲದ ಚಾನೆಲ್ ಆ ರೇಡಿಯೋದ ಮಟ್ಟಿಗೆ ಲೋಕದಲ್ಲೇ ಇಲ್ಲ. ತುಂಬಿದ್ದರೂ ಅದು ಹನ್ನೆರಡನೇ ಝೋನಿನ ಒಂಬತ್ತನೇ ಸ್ಥಾನದಲ್ಲಿದ್ದರೆ? ಮಳೆಯಲ್ಲಿ, ಕೈಗವಸು ಹಾಕಿಕೊಂಡು, ಓಡುತ್ತಾ ಹುಡುಕಬೇಕು.

ಇನ್ನೊಂದು ತೊಡಕು ಭೌತಶಾಸ್ತ್ರದ್ದು. ಅಮೆರಿಕದ ಪೊಲೀಸರು ಒಂದೇ ಬ್ಯಾಂಡಿನಲ್ಲಿ, ಅಂದರೆ ಫ್ರೀಕ್ವೆನ್ಸಿಗಳ ಒಂದೇ ಪಟ್ಟಿಯಲ್ಲಿ ಇಲ್ಲ. ಕ್ಯಾಲಿಫೋರ್ನಿಯಾ ಹೆದ್ದಾರಿ ಪೊಲೀಸರು ಎಷ್ಟೋ ದಶಕಗಳಿಂದ 40 ಮೆಗಾಹರ್ಟ್ಸ್ ಆಸುಪಾಸಿನಲ್ಲಿದ್ದಾರೆ, ಬೆಟ್ಟ ಬಯಲು ದಾಟಿ ದೂರ ಹೋಗುತ್ತದೆ ಅನ್ನುವ ಕಾರಣಕ್ಕೆ. ಹಳ್ಳಿಗಾಡಿನ ಶೆರಿಫ್‌ಗಳಲ್ಲಿ ಅನೇಕರು 150ರಿಂದ 160 ಮೆಗಾಹರ್ಟ್ಸ್. ನಗರಗಳಲ್ಲಿ 450ರ ಮೇಲೆ, ಅದು ಕಟ್ಟಡಗಳ ಒಳಗೆ ಚೆನ್ನಾಗಿ ನುಗ್ಗುತ್ತದೆ. ಆಮೇಲೆ ದೊಡ್ಡ ವ್ಯವಸ್ಥೆಗಳು 700 ಮತ್ತು 800ಕ್ಕೆ ಹೋದವು, ಅಲ್ಲಿ ಜಾಗ ಜಾಸ್ತಿ ಅಂತ. 155 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 2 ಮೀಟರ್, 850ರದ್ದು ಸುಮಾರು 35 ಸೆಂಟಿಮೀಟರ್. ಒಂದಕ್ಕೆ ಮಾಡಿದ ಆಂಟೆನಾ ಇನ್ನೊಂದಕ್ಕೆ ಆಗಿಬರುವುದಿಲ್ಲ, ಒಳಗಿನ ಸರ್ಕ್ಯೂಟ್ ಕೂಡ. ಎಲ್ಲ ಬ್ಯಾಂಡಿನಲ್ಲೂ ಮಾತಾಡುವ ರೇಡಿಯೋಗಳು ಈಗ ಬಂದಿವೆ. ಒಂದೊಂದಕ್ಕೆ ಹಲವು ಸಾವಿರ ಡಾಲರ್.

ಲೈಸೆನ್ಸ್ ಕೊಡುವವರೂ ಒಬ್ಬರಲ್ಲ. ಊರು, ಕೌಂಟಿ, ರಾಜ್ಯ ಪೊಲೀಸರಿಗೆ ಫ್ರೀಕ್ವೆನ್ಸಿ ಕೊಡುವುದು ಸಂಪರ್ಕ ಆಯೋಗವಾದ ಎಫ್‌ಸಿಸಿ. ಎಫ್‌ಬಿಐ, ಸೀಕ್ರೆಟ್ ಸರ್ವಿಸ್‌ನಂಥ ಕೇಂದ್ರದವರದ್ದನ್ನು ನೋಡಿಕೊಳ್ಳುವುದು ಎನ್‌ಟಿಐಎ ಎಂಬ ಇನ್ನೊಂದು ಕಚೇರಿ. ಒಂದೇ ರಸ್ತೆಯಲ್ಲಿ ಅಕ್ಕಪಕ್ಕ ನಿಂತ ಇಬ್ಬರ ರೇಡಿಯೋ ಹುಟ್ಟುವುದೇ ಎರಡು ಬೇರೆ ಮನೆಗಳಲ್ಲಿ.

155.475ರ ಕಥೆ

ಹಾಗಾದರೆ ಎಲ್ಲರಿಗೂ ಸೇರಿದ ಒಂದು ಫ್ರೀಕ್ವೆನ್ಸಿ ಇಟ್ಟುಬಿಡಬಹುದಲ್ಲ? ಇಟ್ಟಿದ್ದಾರೆ. ಎಷ್ಟೋ ದಶಕಗಳ ಹಿಂದೆಯೇ.

155.475 ಮೆಗಾಹರ್ಟ್ಸ್ ಅನ್ನು ಇಡೀ ದೇಶದ ಪೊಲೀಸರ ತುರ್ತು ಮಾತಿಗೆಂದು ತೆಗೆದಿಟ್ಟಿದ್ದಾರೆ. ಯಾವ ಊರಿನ, ಯಾವ ಕೌಂಟಿಯ ಪೊಲೀಸರಾದರೂ ಇನ್ನೊಬ್ಬರನ್ನು ಇಲ್ಲಿ ಕರೆಯಬಹುದು. ದರೋಡೆ ಮಾಡಿದವನು ಗಡಿ ದಾಟಿ ಓಡುತ್ತಿದ್ದರೆ ಮುಂದಿನ ಊರಿನವರಿಗೆ ತಿಳಿಸಲು ಇದು ಬೇಕೇ ಬೇಕು. ನನ್ನ ಊರಿರುವ ಇಲಿನಾಯ್‌ನಲ್ಲಿ ಇದಕ್ಕೆ ಐಸ್ಪರ್ನ್ ಅನ್ನುತ್ತಾರೆ. ಹಳೇ ಪೊಲೀಸರು ಆ ಹೆಸರನ್ನು ಮನೆಯವರ ಹೆಸರು ಹೇಳಿದಷ್ಟು ಸಲುಗೆಯಿಂದ ಹೇಳುತ್ತಾರೆ.

ಎಡವಟ್ಟಾದದ್ದು ಹೆಸರಲ್ಲೇ. ಇದೇ 155.475ಕ್ಕೆ ಗಡಿಯಾಚೆ ವಿಸ್ಕಾನ್ಸಿನ್‌ನಲ್ಲಿ ವಿಸ್ಪರ್ನ್ ಅಂತ ಹೆಸರು. ಮಿನ್ನೆಸೋಟಾದಲ್ಲಿ ಮಿನ್ಸೆಫ್. ಇಲಿನಾಯ್‌ನವರು ಐಸ್ಪರ್ನ್‌ಗೆ ಬನ್ನಿ ಅಂದರೆ ಮಿನ್ನೆಸೋಟಾದವರು ತಮ್ಮ ರೇಡಿಯೋದ ಸಣ್ಣ ಪರದೆಯಲ್ಲಿ ಆ ಹೆಸರು ಹುಡುಕಬೇಕು. ಅದು ಅಲ್ಲಿ ಇರುವುದೇ ಇಲ್ಲ. ಚಾನೆಲ್ ಮಾತ್ರ ಅವರ ಕೈಯಲ್ಲೇ ಇರುತ್ತದೆ, ಬೇರೆ ಹೆಸರಿನಲ್ಲಿ! ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಎಷ್ಟು ಸಣ್ಣ ವಿಷಯ, ಎಷ್ಟು ಸುಲಭದಲ್ಲಿ ಸರಿಮಾಡಬಹುದಾದದ್ದು.

ಇದಕ್ಕೆ ದೇಶಕ್ಕೆಲ್ಲ ಒಂದೇ ಹೆಸರಿನ ಪದ್ಧತಿ ಮಾಡಿದರು. ಅದು 2010ರಲ್ಲಿ ರಾಷ್ಟ್ರೀಯ ಮಾನದಂಡವೇ ಆಯಿತು. ಪದ್ಧತಿ ತುಂಬಾ ಸರಳ. ಮೊದಲ ಅಕ್ಷರ ಬ್ಯಾಂಡಿನದು: 150ರ ಆಸುಪಾಸಿನ ವಿಎಚ್‌ಎಫ್‌ಗೆ ವಿ, 450ರ ಯುಎಚ್‌ಎಫ್‌ಗೆ ಯು, 700ಕ್ಕೆ 7, 800ಕ್ಕೆ 8. ಆಮೇಲೆ ಕೆಲಸ. ಕರೆಯಲು ಕಾಲ್, ಸ್ಥಳದಲ್ಲಿ ಕೆಲಸ ನಡೆಸಲು ಟ್ಯಾಕ್, ಪೊಲೀಸರಿಗೆ ಲಾ, ಅಗ್ನಿಶಾಮಕಕ್ಕೆ ಫೈರ್, ಆಂಬುಲೆನ್ಸಿಗೆ ಮೆಡ್. ಕೊನೆಗೆ ಒಂದು ಸಂಖ್ಯೆ. ಹೀಗೆ 155.475 ಈಗ ವಿ-ಲಾ-31. ಎಲ್ಲ ಇಲಾಖೆಗಳೂ ಒಬ್ಬರನ್ನೊಬ್ಬರು ಕರೆಯುವ 155.7525 ವಿ-ಕಾಲ್-10. ಕರೆದ ಮೇಲೆ ಮಾತು ಮುಂದುವರಿಸಲು ವಿ-ಟ್ಯಾಕ್-11, ಅಂದರೆ 151.1375. ಹೆಸರು ಕೇಳಿದ ತಕ್ಷಣ ಬ್ಯಾಂಡ್ ಯಾವುದು, ಏನು ಕೆಲಸಕ್ಕೆ ಅನ್ನುವುದು ಗೊತ್ತಾಗುತ್ತದೆ.

ಇವುಗಳಿಗೆ ಜೊತೆಯಾಗಿ 156.7 ಹರ್ಟ್ಸ್‌ನ ಒಂದು ಸಣ್ಣ ಗುಂಯ್ ಸದ್ದು ಹೋಗುತ್ತದೆ. ಅದು ನಮ್ಮ ಕಿವಿಗೆ ಬೀಳದ ಹಾಗೆ ರೇಡಿಯೋ ಸೋಸಿಬಿಡುತ್ತದೆ. ಆ ಸದ್ದು ಬಂದರೆ ಮಾತ್ರ ಸ್ಪೀಕರ್ ತೆರೆದುಕೊಳ್ಳುವ ಹಾಗೆ ರೇಡಿಯೋ ಹೊಂದಿಸಿದ್ದರೆ, ಅದಿಲ್ಲದೆ ಬಂದ ಕರೆ ಕೇಳಿಸುವುದೇ ಇಲ್ಲ. ಫ್ರೀಕ್ವೆನ್ಸಿ ಸರಿ ಇದ್ದು ಈ ಸದ್ದು ತಪ್ಪಾಗಿ ತುಂಬಿದ್ದರೂ ಎದುರಿನವರಿಗೆ ನೀವು ಮೂಕರೇ.

ಇವೆಲ್ಲ ಜೇಬಿಗೆ ಹಿಡಿಸುವ ಒಂದು ಸರ್ಕಾರಿ ಕೈಪಿಡಿಯಲ್ಲಿ ಅಚ್ಚಾಗಿವೆ. ಅಮೆರಿಕದ ಸೈಬರ್ ಮತ್ತು ಮೂಲಸೌಕರ್ಯ ಭದ್ರತಾ ಸಂಸ್ಥೆ ಸಿಸಾ ಅದನ್ನು ಪ್ರಕಟಿಸುತ್ತದೆ, ಯಾರು ಬೇಕಾದರೂ ಓದಬಹುದು. ವಿಎಚ್‌ಎಫ್‌ನ ಈ ಚಾನೆಲ್‌ಗಳು ಇವತ್ತಿಗೂ ಹಳೇ ಅನಲಾಗ್ ಎಫ್‌ಎಂನಲ್ಲೇ ಇವೆ. ಕಾರಣ ಒಳ್ಳೆಯದೇ. ಯಾವ ಕಾಲದ, ಯಾವ ಕಂಪನಿಯ ರೇಡಿಯೋ ಆದರೂ ಅದನ್ನು ಹಿಡಿಯಬಲ್ಲದು.

ನ್ಯೂಯಾರ್ಕ್ ಮತ್ತು ಪೆಂಟಗನ್, ಒಂದೇ ಬೆಳಗು

2001ರ ಸೆಪ್ಟೆಂಬರ್ 11. ಭಯೋತ್ಪಾದಕರು ವಿಮಾನ ನುಗ್ಗಿಸಿದ್ದ ನ್ಯೂಯಾರ್ಕಿನ ಜೋಡಿ ಗೋಪುರಗಳಲ್ಲಿ ದಕ್ಷಿಣದ್ದು ಬೆಳಿಗ್ಗೆ 9:59ಕ್ಕೆ ಕುಸಿಯಿತು. ಪೊಲೀಸ್ ಹೆಲಿಕಾಪ್ಟರ್‌ಗಳು ಆಕಾಶದಲ್ಲಿದ್ದವು. 10:07ರ ಸುಮಾರಿಗೆ ಮೇಲಿನಿಂದ ಸುದ್ದಿ ಬಂತು. ಉತ್ತರ ಗೋಪುರದ ಮೇಲಿನ ಮಹಡಿಗಳು ಕೆಂಡದ ಹಾಗೆ ಕೆಂಪಾಗಿವೆ, ಇದೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಈ ಮಾತು ಹೋದದ್ದು ಪೊಲೀಸ್ ರೇಡಿಯೋದಲ್ಲಿ. ಗೋಪುರದೊಳಗೆ ಮೆಟ್ಟಿಲ ಮೇಲಿದ್ದ ಅಗ್ನಿಶಾಮಕ ಸಿಬ್ಬಂದಿಯ ರೇಡಿಯೋ ಬೇರೆ. ಅವರ ಮುಖ್ಯಸ್ಥರು ಕೆಳಗೆ ಒಂದು ಕಡೆ, ಪೊಲೀಸ್ ಮುಖ್ಯಸ್ಥರು ಇನ್ನೊಂದು ಕಡೆ ನಿಂತಿದ್ದರು. 10:28ಕ್ಕೆ ಉತ್ತರ ಗೋಪುರವೂ ಬಿತ್ತು. ಅವತ್ತು ಒಟ್ಟು 343 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಬಿಟ್ಟರು.

ಇಪ್ಪತ್ತೊಂದು ನಿಮಿಷ. ಒಂದು ಗೋಪುರದ ಕೆಳಗಿನ ಮಹಡಿಗಳಿಂದ ಹೊರಗೆ ಓಡಲು ಅದು ಕಡಿಮೆ ಹೊತ್ತಲ್ಲ.

ಇದಕ್ಕಿಂತ ನೋಯಿಸುವುದು ಇನ್ನೊಂದು. ಎರಡು ಇಲಾಖೆಗಳ ಹಿರಿಯ ಅಧಿಕಾರಿಗಳು ಪರಸ್ಪರ ಮಾತಾಡಲೆಂದೇ ನಗರಾಡಳಿತ ಕೆಲವು ವರ್ಷ ಮೊದಲೇ 800 ಮೆಗಾಹರ್ಟ್ಸ್‌ನ ವಿಶೇಷ ರೇಡಿಯೋಗಳನ್ನು ಕೊಟ್ಟಿತ್ತು. ಯಾರ ಹಿಡಿತದಲ್ಲಿ ಆ ಚಾನೆಲ್ ಇರಬೇಕು ಅನ್ನುವುದು ಬಗೆಹರಿಯದೆ ಅವು ಬಳಕೆಗೇ ಬರಲಿಲ್ಲ. ಬಟ್ಲರ್‌ನಲ್ಲಿ ಯಾರೂ ಒಯ್ಯದ ರೇಡಿಯೋಗಳ ಸುದ್ದಿ ಓದುವಾಗ ನನಗೆ ಮೊದಲು ನೆನಪಾದದ್ದು ಇವೇ.

ಅದೇ ಬೆಳಗು ವಾಷಿಂಗ್ಟನ್ ಪಕ್ಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ಗೂ ವಿಮಾನ ಬಡಿಯಿತು. ಅಲ್ಲಿಗೆ ಸುಮಾರು 50 ಸಂಸ್ಥೆಗಳ 900ಕ್ಕೂ ಹೆಚ್ಚು ರೇಡಿಯೋಗಳು ಬಂದವು. ಅಲ್ಲಿ ಮೊದಲು ಬಂದ ಸ್ಥಳೀಯ ಇಲಾಖೆಗಳ ನಡುವೆ ಮಾತು ಸಾಕಷ್ಟು ಚೆನ್ನಾಗಿಯೇ ನಡೆಯಿತು. ಯಾಕೆ? ಉತ್ತರ ಹತ್ತೊಂಬತ್ತು ವರ್ಷ ಹಿಂದಿದೆ. 1982ರ ಜನವರಿ 13ರಂದು ಹಿಮ ಬೀಳುವಾಗ ಏರ್ ಫ್ಲೋರಿಡಾದ ವಿಮಾನವೊಂದು ಪೊಟೊಮ್ಯಾಕ್ ನದಿಯ ಸೇತುವೆಗೆ ಬಡಿದು ನೀರಿಗೆ ಬಿತ್ತು, 78 ಜನ ಸತ್ತರು. ಅದೇ ಸಂಜೆ ಮೆಟ್ರೋ ರೈಲು ಹಳಿ ತಪ್ಪಿತು. ಎಲ್ಲ ಕಡೆಯಿಂದ ಬಂದ ಇಲಾಖೆಗಳು ಒಂದರ ಮಾತು ಒಂದಕ್ಕೆ ಕೇಳದೆ ಪರದಾಡಿದವು. ಆ ಪಾಡಿನಿಂದ ಆ ಭಾಗದವರು ಕಲಿತರು. ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡರು, ಘಟನೆ ಆದಾಗ ಮುಂದೆ ನಿಲ್ಲುವವರು ಯಾರು ಅಂತ ತೀರ್ಮಾನಿಸಿದರು, ಒಬ್ಬರ ಚಾನೆಲ್ ಇನ್ನೊಬ್ಬರ ರೇಡಿಯೋದಲ್ಲಿ ತುಂಬಿದರು. ಮುಖ್ಯವಾಗಿ, ಒಟ್ಟಿಗೆ ಅಭ್ಯಾಸ ಮಾಡಿದರು. ಪೆಂಟಗನ್‌ನಲ್ಲಿ ತೊಂದರೆಗೆ ಸಿಕ್ಕವರು ಆಮೇಲೆ ಬಂದ, ಈ ಒಪ್ಪಂದದ ಹೊರಗಿದ್ದ ರಾಜ್ಯ ಮತ್ತು ಕೇಂದ್ರ ಸಂಸ್ಥೆಗಳವರು.

ದೊಡ್ಡ ವ್ಯವಸ್ಥೆ, ದೊಡ್ಡ ಗೋಡೆ

ಈಗ ಎಷ್ಟೋ ರಾಜ್ಯಗಳಲ್ಲಿ ಬಿಡಿ ಫ್ರೀಕ್ವೆನ್ಸಿಯ ಕಾಲ ಮುಗಿಯುತ್ತಾ ಬಂದಿದೆ. ಮಿಶಿಗನ್, ಓಹಾಯೋ, ಮಿನ್ನೆಸೋಟಾ ಇಡೀ ರಾಜ್ಯಕ್ಕೆ ಒಂದು ಡಿಜಿಟಲ್ ಜಾಲ ಕಟ್ಟಿವೆ. ಇದಕ್ಕೆ ಟ್ರಂಕಿಂಗ್ ಅನ್ನುತ್ತಾರೆ. ಬ್ಯಾಂಕಿನಲ್ಲಿ ಟೋಕನ್ ತೆಗೆದುಕೊಂಡು, ಯಾವ ಕೌಂಟರ್ ಖಾಲಿಯೋ ಅಲ್ಲಿಗೆ ಹೋಗುವ ಹಾಗೆ. ನೀವು ಮೈಕ್ ಒತ್ತಿದ ಕ್ಷಣ ಜಾಲದ ಕಂಪ್ಯೂಟರ್ ಖಾಲಿ ಇರುವ ಒಂದು ಫ್ರೀಕ್ವೆನ್ಸಿ ಕೊಡುತ್ತದೆ, ನಿಮ್ಮ ಗುಂಪಿನ ಎಲ್ಲ ರೇಡಿಯೋಗಳೂ ಅಲ್ಲಿಗೆ ಬರುತ್ತವೆ. ಪಿ25 ಎಂಬ ಸಾಮಾನ್ಯ ಡಿಜಿಟಲ್ ಮಾನದಂಡದ ಕೆಲಸ 1989ರಲ್ಲೇ ಶುರುವಾಯಿತು, ಬೇರೆ ಬೇರೆ ಕಂಪನಿಗಳ ರೇಡಿಯೋಗಳು ಒಟ್ಟಿಗೆ ಮಾತಾಡಲಿ ಅಂತ. ಒಂದೇ ಜಾಲದ ಒಳಗಿರುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ.

ಜಾಲದ ಹೊರಗೆ ಉಳಿದವರಿಗೆ ಮಾತ್ರ ಕಷ್ಟ ಜಾಸ್ತಿಯಾಯಿತು. ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 2018ರ ಫೆಬ್ರವರಿ 14ರಂದು ಒಂದು ಹೈಸ್ಕೂಲಿನಲ್ಲಿ ಗುಂಡಿನ ದಾಳಿಗೆ 17 ಜನ ಸತ್ತರು. ಆ ಊರಿನ ಪೊಲೀಸ್ ಕೆಲಸ ಬ್ರೊವಾರ್ಡ್ ಕೌಂಟಿ ಶೆರಿಫ್‌ರದು, ಆದರೆ ಮೊಬೈಲಿನಿಂದ ತುರ್ತು ಸಂಖ್ಯೆ 911ಕ್ಕೆ ಮಾಡಿದ ಕರೆಗಳು ಹೋದದ್ದು ಪಕ್ಕದ ಕೋರಲ್ ಸ್ಪ್ರಿಂಗ್ಸ್ ಕೇಂದ್ರಕ್ಕೆ. ಎರಡೂ ಕಡೆಯ ಪೊಲೀಸರು ಬೇರೆ ಬೇರೆ ರೇಡಿಯೋ ಜಾಲದಲ್ಲಿದ್ದರು. ಎರಡನ್ನೂ ಬೆಸೆಯಲು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಶೆರಿಫ್ ಕಡೆಯ ಜಾಲ ಒತ್ತಡ ತಾಳಲಾರದೆ ಕಟ್ಟಿಕೊಂಡಿತು. ತರಬೇತಿ ಪಡೆದ ಪೊಲೀಸರು ಶಾಲೆಯ ಕಾರಿಡಾರಿನಲ್ಲಿ ಕೈಸನ್ನೆ ಮಾಡಿ ಮಾತಾಡಬೇಕಾಯಿತು.

ಟೆಕ್ಸಾಸ್‌ನ ಉವಾಲ್ಡೆ ಇನ್ನೂ ಕಹಿ. 2022ರ ಮೇ 24ರಂದು ಶಾಲೆಯಲ್ಲಿ ಒಬ್ಬನ ಗುಂಡಿಗೆ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಅಲ್ಲಿಗೆ ಬಂದ ಪೊಲೀಸರು 376. ಅವನಿದ್ದ ತರಗತಿಯೊಳಗೆ ನುಗ್ಗಲು ಹಿಡಿದದ್ದು 77 ನಿಮಿಷ. ಶಾಲಾ ಪೊಲೀಸರ ಮುಖ್ಯಸ್ಥರು ತಮ್ಮ ರೇಡಿಯೋಗಳನ್ನು ಹೊರಗೇ ಬಿಟ್ಟು ಒಳಗೆ ಹೋಗಿದ್ದರು. ಕಟ್ಟಡದೊಳಗೆ ರೇಡಿಯೋ ಸರಿಯಾಗಿ ಹಿಡಿಯುತ್ತಲೂ ಇರಲಿಲ್ಲ. ತರಗತಿಯಿಂದ ಮಕ್ಕಳು 911ಕ್ಕೆ ಫೋನ್ ಮಾಡುತ್ತಿದ್ದರು. ಗೋಡೆಯಾಚೆ ಕಾರಿಡಾರಿನಲ್ಲಿ ನಿಂತಿದ್ದ ಪೊಲೀಸರಲ್ಲಿ ಅನೇಕರಿಗೆ ಅದು ಗೊತ್ತೇ ಇರಲಿಲ್ಲ. ಉವಾಲ್ಡೆಯ ತಪ್ಪುಗಳು ಬರೀ ರೇಡಿಯೋದಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಆ ಫೋನ್ ಕರೆಗಳು ನೇರವಾಗಿ ಕಾರಿಡಾರಿನವರ ಕಿವಿಗೆ ಬಿದ್ದಿದ್ದರೆ ಅಷ್ಟು ಹೊತ್ತು ಸುಮ್ನೆ ನಿಂತಿರಲು ಸಾಧ್ಯವಿತ್ತಾ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಭಾಷೆಯ ತೊಡಕೂ ಒಂದಿದೆ. ಟೆನ್-ಫೋರ್ ಅಂದರೆ ಸರಿ, ಕೇಳಿಸಿತು ಅಂತ ಎಲ್ಲರಿಗೂ ಗೊತ್ತು. ಇಂಥ ಹತ್ತರ ಸಂಕೇತಗಳು 1930ರ ದಶಕದಲ್ಲಿ ಹುಟ್ಟಿದವು. ಆಗಿನ ರೇಡಿಯೋ ಬಿಸಿಯಾಗುವಷ್ಟರಲ್ಲಿ ಮಾತಿನ ಮೊದಲ ಅಕ್ಷರ ನುಂಗಿಹೋಗುತ್ತಿತ್ತಂತೆ, ಅದಕ್ಕೇ ಮುಂದೆ ಒಂದು ಟೆನ್ ಸೇರಿಸಿದ್ದು. ಮಿಕ್ಕ ಸಂಕೇತಗಳಿಗೆ ಊರಿಗೊಂದು ಅರ್ಥ. ಹಾಗಾಗಿ ಹಲವು ಇಲಾಖೆಗಳು ಸೇರುವ ಕಡೆ ಸಂಕೇತ ಬಿಟ್ಟು ಸಾದಾ ಮಾತಿನಲ್ಲೇ ಹೇಳಬೇಕು ಅಂತ 2006ರಿಂದ ಕೇಂದ್ರದ ಅನುದಾನಕ್ಕೆ ಷರತ್ತು ಹಾಕಿದರು.

ಈಗಿನ ಜಗಳ: ಕೀಲಿ

ಫ್ರೀಕ್ವೆನ್ಸಿಯ ತೊಡಕು ಕಡಿಮೆಯಾಗುತ್ತಿರುವಾಗಲೇ ಹೊಸ ಗೋಡೆ ಏಳುತ್ತಿದೆ. ಅದು ಎನ್‌ಕ್ರಿಪ್ಶನ್, ಅಂದರೆ ಮಾತಿಗೆ ಬೀಗ ಹಾಕುವುದು.

ಅಮೆರಿಕದಲ್ಲಿ ಪೊಲೀಸ್ ರೇಡಿಯೋ ಕೇಳುವುದು ಸಾಮಾನ್ಯವಾಗಿ ತಪ್ಪಲ್ಲ. ಸ್ಕ್ಯಾನರ್ ಎಂಬ ಸಣ್ಣ ಯಂತ್ರ ಅಂಗಡಿಯಲ್ಲೇ ಸಿಗುತ್ತದೆ. ಪತ್ರಕರ್ತರು, ಸ್ವಯಂಸೇವಾ ಆಂಬುಲೆನ್ಸಿನವರು, ಸುಂಟರಗಾಳಿ ಬಂದಾಗ ಮನೆಯವರು, ಎಲ್ಲರೂ ಕೇಳುತ್ತಾರೆ. ಇದೀಗ ಒಂದೊಂದೇ ನಗರ ಬಾಗಿಲು ಮುಚ್ಚುತ್ತಿದೆ. ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ 2020ರಲ್ಲಿ ಜನರ ಖಾಸಗಿ ವಿವರಗಳನ್ನು ಬೀಗವಿಲ್ಲದೆ ರೇಡಿಯೋದಲ್ಲಿ ಹೇಳಬಾರದು ಅಂದಿತು. ಶಿಕಾಗೋ 2022ರಲ್ಲಿ ಬೀಗ ಹಾಕಲು ಶುರುಮಾಡಿ, ಜನರಿಗೆ 30 ನಿಮಿಷ ತಡವಾಗಿ ಕೇಳಿಸುವ ಏರ್ಪಾಡು ಮಾಡಿತು. ನ್ಯೂಯಾರ್ಕ್ 2023ರಲ್ಲಿ ಬ್ರೂಕ್ಲಿನ್‌ನಿಂದ ಆರಂಭಿಸಿತು.

ಪೊಲೀಸರ ವಾದದಲ್ಲಿ ಹುರುಳಿದೆ. ಒಬ್ಬರ ಹೆಸರು, ಹುಟ್ಟಿದ ದಿನ, ಲೈಸೆನ್ಸ್ ನಂಬರ್ ಗಾಳಿಯಲ್ಲಿ ಹಾರಾಡಬಾರದು. ಕಳ್ಳನೂ ಅದೇ ಮಾತು ಕೇಳಿಸಿಕೊಳ್ಳುತ್ತಿರಬಹುದು. ಆದರೆ ಅದಕ್ಕೆ ಇಡೀ ಚಾನೆಲ್ಲಿಗೇ ಬೀಗ ಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ 2021ರಲ್ಲಿ ಬೀಗ ಹಾಕಿ 2022ರಲ್ಲಿ ತೆಗೆಯಿತು. ಖಾಸಗಿ ವಿವರಗಳನ್ನು ಬೇರೆ ದಾರಿಯಲ್ಲಿ ಹೇಳುವುದು, ಉಳಿದ ಮಾತು ತೆರೆದೇ ಇರಲಿ ಅನ್ನುವುದು ಅವರ ತೀರ್ಮಾನ. ಮಾಡಬೇಕೆಂದರೆ ಮಾಡಬಹುದು ಅನ್ನುವುದಕ್ಕೆ ಇಷ್ಟು ಸಾಕು.

ಜಗಳ ಹೆಚ್ಚಾಗಿ ಪತ್ರಕರ್ತರು ಮತ್ತು ಪೊಲೀಸರ ನಡುವೆ ನಡೆಯುತ್ತಿದೆ. ಅದರಲ್ಲಿ ಮುಚ್ಚಿಹೋಗುವ ಮಾತೊಂದಿದೆ. ಬೀಗ ಹಾಕಿದ ರೇಡಿಯೋ ಪಕ್ಕದ ಊರಿನ ಪೊಲೀಸರಿಗೂ ಕೇಳಿಸುವುದಿಲ್ಲ. ಕೇಳಬೇಕೆಂದರೆ ಅವರ ರೇಡಿಯೋದಲ್ಲೂ ಅದೇ ಕೀಲಿ ಇರಬೇಕು. ಕೀಲಿ ಅಂದರೆ ಅಂಕಿಗಳ ಒಂದು ಉದ್ದ ಸಾಲು, ಅದನ್ನು ಬೇರೊಂದು ಯಂತ್ರದಿಂದ ತುಂಬಬೇಕು. ಆಗಾಗ ಬದಲಿಸಲೂ ಬೇಕು. ನಾವು ಬದಲಿಸಿ ಪಕ್ಕದವರಿಗೆ ಹೇಳಲು ಮರೆತರೆ ಮುಗಿಯಿತು. ಫ್ರೀಕ್ವೆನ್ಸಿ ಒಂದೇ, ಜಾಲ ಒಂದೇ, ಹೆಸರೂ ಒಂದೇ. ಆದರೂ ಅವರಿಗೆ ನಮ್ಮ ಮಾತಿಲ್ಲ. ಎಲ್ಲರಿಗೂ ಸಾಮಾನ್ಯವಾದ ಕೀಲಿಗಳನ್ನು ಹಂಚುವ ರಾಷ್ಟ್ರೀಯ ಕೇಂದ್ರವೊಂದು ಫ್ಲೋರಿಡಾದ ಒರ್ಲ್ಯಾಂಡೋದಲ್ಲಿದೆ, ಅಲ್ಲಿಂದ ಕೇಳಿ ಪಡೆಯಬಹುದು. ಪಡೆದು, ತುಂಬಿ, ಪರೀಕ್ಷಿಸುವವರು ಬೇಕು.

ಇನ್ನು ಕೆಲವರು ರೇಡಿಯೋ ಬಿಡಿ, ಫೋನ್ ಇದೆಯಲ್ಲ ಅನ್ನುತ್ತಾರೆ. 2012ರ ಕಾನೂನಿನಿಂದ ಹುಟ್ಟಿದ ಫಸ್ಟ್‌ನೆಟ್ ಎಂಬ ಮೊಬೈಲ್ ಜಾಲ ತುರ್ತು ಸೇವೆಯವರಿಗೆಂದೇ ಇದೆ. ಅದನ್ನು ನಡೆಸುವ ಗುತ್ತಿಗೆ 2017ರಲ್ಲಿ ಎಟಿ ಅಂಡ್ ಟಿಗೆ ಸಿಕ್ಕಿತು. ಫೋಟೋ, ನಕ್ಷೆ, ವಿಡಿಯೋ ಕಳಿಸಲು ಅದು ಬಹಳ ಒಳ್ಳೆಯದು. ಆದರೆ 2024ರ ಫೆಬ್ರವರಿ 22ರಂದು ಎಟಿ ಅಂಡ್ ಟಿ ಜಾಲ ದೇಶದ ಉದ್ದಕ್ಕೂ ಬಿದ್ದುಹೋಯಿತು. ಎಫ್‌ಸಿಸಿ ವರದಿ ಪ್ರಕಾರ 9.2 ಕೋಟಿಗೂ ಹೆಚ್ಚು ಕರೆಗಳು ನಿಂತುಹೋದವು. ಅವುಗಳಲ್ಲಿ 911ಕ್ಕೆ ಮಾಡಿದ್ದೇ 25 ಸಾವಿರಕ್ಕೂ ಜಾಸ್ತಿ. ಫಸ್ಟ್‌ನೆಟ್ ಬಳಸುವವರಿಗೂ ತೊಂದರೆಯಾಯಿತು, ಅವರದ್ದನ್ನು ಮೊದಲು ಸರಿಪಡಿಸಿದರು. ಎರಡು ವಾಕಿಟಾಕಿಗಳು ನೇರವಾಗಿ ಒಂದಕ್ಕೊಂದು ಮಾತಾಡಲು ನಡುವೆ ಟವರೂ ಬೇಡ, ಕಂಪನಿಯೂ ಬೇಡ. ಈ ಗುಣವನ್ನು ಬಿಟ್ಟುಕೊಡಬಾರದು.

ಕೇಂದ್ರ ಸರ್ಕಾರದ ಸೇಫ್‌ಕಾಮ್ ಕಾರ್ಯಕ್ರಮ ಇಲಾಖೆಗಳ ನಡುವಿನ ಮಾತಿಗೆ ಐದು ಅಂಗ ಹೆಸರಿಸಿದೆ. ಆಡಳಿತದ ಒಪ್ಪಂದ, ಲಿಖಿತ ಕ್ರಮ, ತಂತ್ರಜ್ಞಾನ, ತರಬೇತಿ, ದಿನನಿತ್ಯದ ಬಳಕೆ. ತಂತ್ರಜ್ಞಾನ ಐದರಲ್ಲಿ ಒಂದು. ದುಡ್ಡು ಮಾತ್ರ ಜಾಸ್ತಿ ಹರಿಯುವುದು ಅಲ್ಲಿಗೇ, ಯಾಕೆಂದರೆ ಹೊಸ ರೇಡಿಯೋ ಕಣ್ಣಿಗೆ ಕಾಣುತ್ತದೆ. ತಿಂಗಳಿಗೊಮ್ಮೆ ವಿ-ಲಾ-31ರಲ್ಲಿ ಪಕ್ಕದ ಊರನ್ನು ಕರೆದು, ಕೇಳಿಸ್ತಾ ಅಂತ ವಿಚಾರಿಸುವುದಕ್ಕೆ ಖರ್ಚೇ ಇಲ್ಲ.

ಇಲ್ಲಿನ ಸಣ್ಣ ಊರುಗಳಲ್ಲಿ ಬಜೆಟ್ ಸಭೆಗೆ ಯಾರು ಬೇಕಾದರೂ ಹೋಗಿ ಮೂರು ನಿಮಿಷ ಮಾತಾಡಬಹುದು. ನಮ್ಮ ಕನ್ನಡದ ಮನೆಗಳವರು ರಸ್ತೆಯ ಹಿಮ, ಶಾಲೆಯ ಬಸ್ಸು, ಆಸ್ತಿ ತೆರಿಗೆ ಅಂತ ಹೋಗಿಯೇ ಇರುತ್ತಾರೆ. ಈ ಸಲ ಹೋದಾಗ ಪೊಲೀಸ್ ಮುಖ್ಯಸ್ಥರಿಗೆ ಮೂರು ಪ್ರಶ್ನೆ ಕೇಳಿ. ಎಲ್ಲರಿಗೂ ಸೇರಿದ ಚಾನೆಲ್‌ಗಳು ನಿಮ್ಮ ಪ್ರತಿ ವಾಕಿಟಾಕಿಯಲ್ಲೂ ಒಂದೇ ಹೆಸರಿನಲ್ಲಿ ತುಂಬಿವೆಯಾ? ಶಾಲೆಯ ಕಟ್ಟಡದ ಒಳಗೆ ಅವು ಹಿಡಿಯುತ್ತವೆಯಾ? ಪಕ್ಕದ ಊರಿನವರ ಜೊತೆ ಅದರಲ್ಲಿ ಕೊನೇ ಸಲ ಮಾತಾಡಿದ್ದು ಯಾವ ತಾರೀಕು? ಮೂರನೆಯದಕ್ಕೆ ಉತ್ತರವಾಗಿ ಒಂದು ತಾರೀಕನ್ನೇ ಕೇಳಿ. ಸಿಗದಿದ್ದರೆ ಮುಂದಿನ ತಿಂಗಳ ಸಭೆಗೂ ಹೋಗಿ.